ಸುಟ್ಟ ಕೈ, ಲ್ಯಾವೆಂಡರ್ ಎಣ್ಣೆ ಮತ್ತು ಒಂದು ತಪ್ಪು ಕಥೆ: ಅರೋಮಾಥೆರಪಿಗೆ ಹೆಸರಿಟ್ಟ ಗಾಟ್‌ಫೊಸೆ ಯಾರು?

ಅರೋಮಾಥೆರಪಿ ಎಂದ ತಕ್ಷಣ ನಿಮಗೆ ಏನು ನೆನಪಾಗುತ್ತದೆ? ಮಂದ ಬೆಳಕಿನ ಸ್ಪಾ, ಬಟ್ಟಲಲ್ಲಿ ತೇಲುವ ಹೂವಿನ ಎಸಳು, ಹಿನ್ನೆಲೆಯಲ್ಲಿ ಮೆಲ್ಲಗೆ ಕೊಳಲು. ಇಂಥ ಜಾಗಗಳಲ್ಲಿ, ಎಣ್ಣೆ ಮಾರುವವರ ವಿಡಿಯೊಗಳಲ್ಲಿ ಒಂದು ಕಥೆಯನ್ನು ತಪ್ಪದೆ ಹೇಳುತ್ತಾರೆ. ಫ್ರಾನ್ಸಿನಲ್ಲಿ ಒಬ್ಬ ರಸಾಯನ ವಿಜ್ಞಾನಿ ಇದ್ದರಂತೆ. ಪ್ರಯೋಗಾಲಯದಲ್ಲಿ ಸ್ಫೋಟವಾಗಿ ಅವರ ಕೈ ಸುಟ್ಟಿತಂತೆ. ಉರಿ ತಾಳಲಾರದೆ ಎದುರಿಗಿದ್ದ ಲ್ಯಾವೆಂಡರ್ ಎಣ್ಣೆಯ ತೊಟ್ಟಿಗೆ ಕೈ ಅದ್ದಿದರಂತೆ. ನೋವು ಅಲ್ಲೇ ಮಾಯ, ಕೆಲವೇ ದಿನಗಳಲ್ಲಿ ಕಲೆಯೂ ಉಳಿಯದಂತೆ ಗಾಯ ವಾಸಿ. ಅಂದಿನಿಂದ ಅರೋಮಾಥೆರಪಿ ಹುಟ್ಟಿತಂತೆ.

ಕೇಳಲು ಚೆನ್ನಾಗಿದೆ. ಆದರೆ ಆ ವಿಜ್ಞಾನಿಯೇ ಬರೆದಿಟ್ಟಿದ್ದನ್ನು ಓದಿದರೆ ತೊಟ್ಟಿಯೂ ಇಲ್ಲ, ತಕ್ಷಣದ ಪವಾಡವೂ ಇಲ್ಲ. ಅಲ್ಲಿರುವುದು ಪ್ರಾಣಕ್ಕೇ ಕುತ್ತು ತರುವ ಚರ್ಮದ ಸೋಂಕು, ಅದನ್ನು ತಡೆಯಲು ಮಾಡಿದ ಒಂದು ಪ್ರಯತ್ನ. ಆ ವಿಜ್ಞಾನಿಯ ಹೆಸರು ರೆನೆ-ಮಾರಿಸ್ ಗಾಟ್‌ಫೊಸೆ. ಇಂದು ಅಂಗಡಿಯಲ್ಲಿ ಸಿಗುವ ಟೀ ಟ್ರೀ ಜೆಲ್, ಬೇವು-ಲೋಳೆಸರದ ಜೆಲ್, ಲ್ಯಾವೆಂಡರ್ ಹಾಕಿದ ಮುಲಾಮುಗಳ ಹಿಂದಿನ ಲೆಕ್ಕಾಚಾರಕ್ಕೂ ಈ ಮನುಷ್ಯನ ಬದುಕಿಗೂ ನಂಟಿದೆ. ಹಾಗಾಗಿ ಅವರ ಕಥೆಯನ್ನು ಒಮ್ಮೆ ಸರಿಯಾಗಿ ಹೇಳಬೇಕು.

ರೇಷ್ಮೆಯ ಊರಿನ ಹುಡುಗ

ಗಾಟ್‌ಫೊಸೆ ಹುಟ್ಟಿದ್ದು 1881ರಲ್ಲಿ, ಫ್ರಾನ್ಸಿನ ಲಿಯೋಂ ನಗರಕ್ಕೆ ಸೇರಿದ ಮಾಂಶಾ ಎಂಬ ಬಡಾವಣೆಯಲ್ಲಿ. ರೋನ್ ಮತ್ತು ಸೋನ್ ನದಿಗಳು ಕೂಡುವ ಲಿಯೋಂ ಆಗ ರೇಷ್ಮೆಗೆ ಹೆಸರುವಾಸಿ. ರೇಷ್ಮೆ ಇದ್ದಲ್ಲಿ ಬಣ್ಣ ಬೇಕು, ಬಣ್ಣಕ್ಕೆ ರಸಾಯನಶಾಸ್ತ್ರ ಬೇಕು. ಹೀಗಾಗಿ ಅದು ಕೆಮಿಕಲ್ ಉದ್ಯಮದ ಊರೂ ಆಗಿತ್ತು. ಮಾಂಶಾಕ್ಕೆ ಹತ್ತಿರದಲ್ಲೇ ಲ್ಯೂಮಿಯೇರ್ ಕುಟುಂಬದ ಫೋಟೋ ಪ್ಲೇಟ್ ಕಾರ್ಖಾನೆ ಇತ್ತು. ಮುಂದೆ ಸಿನಿಮಾ ಇತಿಹಾಸದ ಆರಂಭದ ಚಿತ್ರಗಳಲ್ಲೊಂದು ಚಿತ್ರೀಕರಣವಾದದ್ದು ಆ ಕಾರ್ಖಾನೆಯ ಬಾಗಿಲಲ್ಲೇ.

ತಂದೆ ಲೂಯಿ ಗಾಟ್‌ಫೊಸೆ 1880ರಲ್ಲಿ ಸ್ವಂತ ವ್ಯಾಪಾರ ಶುರು ಮಾಡಿದ್ದರು. ಹೂವು, ಎಲೆ, ಬೇರುಗಳಿಂದ ಭಟ್ಟಿ ಇಳಿಸಿದ ಸಾರಭೂತ ತೈಲಗಳು, ಅಂದರೆ ಎಸೆನ್ಷಿಯಲ್ ಆಯಿಲ್‌ಗಳು, ಮತ್ತು ಸುಗಂಧದ್ರವ್ಯದ ಕಚ್ಚಾವಸ್ತುಗಳು ಅವರ ಸರಕು. ಮಗ ರಸಾಯನಶಾಸ್ತ್ರ ಓದಿ ಅಪ್ಪನ ಅಂಗಡಿಗೇ ಬಂದ. ನಮ್ಮಲ್ಲಿ ಕಿರಾಣಿ ಅಂಗಡಿಯವರ ಮಗ ಬಿ.ಕಾಂ. ಮಾಡಿ ಗಲ್ಲಾಪೆಟ್ಟಿಗೆ ಮೇಲೆ ಕೂತ ಹಾಗೆ ಎನ್ನಬಹುದು. ಆದರೆ ಈ ಮಗ ಗಲ್ಲಾಪೆಟ್ಟಿಗೆಯಲ್ಲಿ ಸುಮ್ಮನೆ ಕೂರುವ ಪೈಕಿ ಆಗಿರಲಿಲ್ಲ.

ಆಗಿನ ಕಾಲದ ಸುಗಂಧ ತಯಾರಕರು ತಮ್ಮ ಮಿಶ್ರಣದ ಗುಟ್ಟನ್ನು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ. ಅಜ್ಜ ಅಪ್ಪನಿಗೆ, ಅಪ್ಪ ಮಗನಿಗೆ ಕಿವಿಯಲ್ಲಿ ಹೇಳಿಕೊಟ್ಟ ಅಳತೆಗಳವು. ಯುವಕ ಗಾಟ್‌ಫೊಸೆ ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಂಡರು. ಸುಗಂಧ ತಯಾರಿಕೆಯ ಸೂತ್ರಗಳನ್ನು ಪುಸ್ತಕವಾಗಿ ಅಚ್ಚು ಹಾಕಿಸಿದರು. 1908ರಲ್ಲಿ ಆ ಉದ್ಯಮಕ್ಕೆಂದೇ ಒಂದು ಪತ್ರಿಕೆಯನ್ನೂ ಹೊರತಂದರು. ಗಂಧ ಎನ್ನುವುದು ಕೈಚಳಕವಷ್ಟೇ ಅಲ್ಲ, ಅಳೆದು ತೂಗಿ ಬರೆದಿಡಬಹುದಾದ ವಿದ್ಯೆ ಎಂಬುದು ಅವರ ನಂಬಿಕೆ. ಈ ಅಳತೆಯ ಹುಚ್ಚೇ ಮುಂದೆ ಅವರನ್ನು ಔಷಧದ ಕಡೆಗೆ ಎಳೆಯಿತು.

ಬೆಟ್ಟದ ಬಡವರ ಬೆಳೆ

ಲ್ಯಾವೆಂಡರ್‌ಗೆ ಗಾಟ್‌ಫೊಸೆ ಅಂಟಿಕೊಂಡದ್ದು ಸ್ಫೋಟದಿಂದಲ್ಲ, ಅದಕ್ಕೂ ಮೊದಲೇ. ಲಿಯೋಂಗೆ ದಕ್ಷಿಣದ ಪ್ರೊವಾನ್ಸ್ ಬೆಟ್ಟಗಳಲ್ಲಿ ಲ್ಯಾವೆಂಡರ್ ಕಾಡುಗಿಡವಾಗಿ ಬೆಳೆಯುತ್ತಿತ್ತು. ಕಲ್ಲು ನೆಲ, ಕಡಿಮೆ ಮಳೆ, ಕುರಿ ಬಿಟ್ಟರೆ ಬೇರೆ ಆದಾಯವಿಲ್ಲದ ಹಳ್ಳಿಗಳು. ಯುವಕರು ಊರು ಬಿಟ್ಟು ಪಟ್ಟಣ ಸೇರುತ್ತಿದ್ದರು. ಉಳಿದವರು ಬೇಸಿಗೆಯಲ್ಲಿ ಕುಡುಗೋಲು ಹಿಡಿದು ಹೂ ಕೊಯ್ದು, ಹೊಲದ ಅಂಚಿನಲ್ಲೇ ತಾಮ್ರದ ಹಂಡೆ ಇಟ್ಟು ಎಣ್ಣೆ ಇಳಿಸುತ್ತಿದ್ದರು.

ಆ ಕೆಲಸ ಸುಲಭವಲ್ಲ. ಹಂಡೆಗೆ ಹೂವು ತುಂಬಿ ಹಬೆ ಹಾಯಿಸಬೇಕು. ಹಬೆ ಹೂವಿನ ಎಣ್ಣೆಯನ್ನು ಎತ್ತಿಕೊಂಡು ತಣ್ಣನೆಯ ಕೊಳವೆಯಲ್ಲಿ ಇಳಿದು ಮತ್ತೆ ನೀರಾಗುತ್ತದೆ. ನೀರಿನ ಮೇಲೆ ತೆಳುವಾಗಿ ತೇಲುವುದೇ ಸಾರಭೂತ ತೈಲ. ಒಂದು ಕಿಲೋ ಎಣ್ಣೆಗೆ 100 ಕಿಲೋಗೂ ಹೆಚ್ಚು ಹೂವು ಬೇಕು. ಬೆಂಕಿ ಜೋರಾದರೆ ಎಣ್ಣೆಗೆ ಸೀದ ವಾಸನೆ. ಹೂವಿನ ಜೊತೆ ಬೇರೆ ಜಾತಿಯ ಗಿಡ ಸೇರಿದರೆ ಗುಣವೇ ಬೇರೆ. ಕೊಳ್ಳುವ ವ್ಯಾಪಾರಿ ಹೇಳಿದ್ದೇ ಬೆಲೆ.

ಗಾಟ್‌ಫೊಸೆ ಈ ಹಳ್ಳಿಗಳಿಗೆ ಹೋದರು. ಭಟ್ಟಿಯ ವಿಧಾನ ಸುಧಾರಿಸಲು, ಎಣ್ಣೆಯ ಗುಣಮಟ್ಟ ಪರೀಕ್ಷಿಸಲು, ಕಾಡುಗಿಡ ಆಯುವ ಬದಲು ಸಾಲು ಹಿಡಿದು ಬೆಳೆಯಲು ರೈತರಿಗೆ ಸಲಹೆ ಕೊಟ್ಟರು. ಇದರಲ್ಲಿ ಅವರ ವ್ಯಾಪಾರದ ಲಾಭವೂ ಇತ್ತು ಎನ್ನುವುದನ್ನು ಮರೆಯಬಾರದು. ಒಳ್ಳೆಯ ಎಣ್ಣೆ ಸಿಕ್ಕರೆ ಅವರಿಗೂ ಒಳ್ಳೆಯ ಬೆಲೆ. ಆದರೂ ಇಂದು ಪ್ರವಾಸಿಗರು ಫೋಟೋ ತೆಗೆಸಿಕೊಳ್ಳುವ ನೇರಳೆ ಹೊಲಗಳ ಹಿಂದೆ ಅಂಥವರ ಓಡಾಟವಿದೆ.

ದೆಹಲಿಯಲ್ಲಿರುವ ಓದುಗರಿಗೆ ಇದೇ ಕಥೆಯ ಇನ್ನೊಂದು ರೂಪ ಗೊತ್ತಿರಬಹುದು. ಜಮ್ಮುವಿನ ದೋಡಾ ಜಿಲ್ಲೆಯ ಭದರ್ವಾಹದಲ್ಲಿ ಮೆಕ್ಕೆಜೋಳ ಬೆಳೆಯುತ್ತಿದ್ದ ರೈತರು ಸಿಎಸ್‌ಐಆರ್‌ನ ಅರೋಮಾ ಮಿಷನ್ ಅಡಿ ಲ್ಯಾವೆಂಡರ್‌ಗೆ ತಿರುಗಿದ್ದಾರೆ. ಅಲ್ಲಿಯೂ ಬೆಟ್ಟದ ಬಡ ನೆಲ, ಅಲ್ಲಿಯೂ ಭಟ್ಟಿ, ಅಲ್ಲಿಯೂ ಬೆಲೆಯದೇ ಚಿಂತೆ.

1910ರ ಜುಲೈ

ಆ ಸ್ಫೋಟ ನಡೆದಾಗ ಗಾಟ್‌ಫೊಸೆ ಅವರಿಗೆ ಮೂವತ್ತೂ ತುಂಬಿರಲಿಲ್ಲ. ಪ್ರಯೋಗಾಲಯದಲ್ಲಿ ಏನೋ ಸಿಡಿದು ಉರಿಯುತ್ತಿರುವ ವಸ್ತು ಮೈಮೇಲೆ ಬಿತ್ತು. ಅವರು ಹೊರಗೆ ಓಡಿ ಹುಲ್ಲುಹಾಸಿನ ಮೇಲೆ ಉರುಳಾಡಿ ಬೆಂಕಿ ಆರಿಸಿಕೊಂಡರು. ಎರಡೂ ಕೈ ಸುಟ್ಟವು. ನಂತರ ಆ ಗಾಯಗಳಲ್ಲಿ ಗ್ಯಾಸ್ ಗ್ಯಾಂಗ್ರೀನ್ ಕಾಣಿಸಿಕೊಂಡು ವೇಗವಾಗಿ ಹರಡತೊಡಗಿತು. ಆಗ ಲ್ಯಾವೆಂಡರ್ ಸಾರದಿಂದ ಒಮ್ಮೆ ತೊಳೆದದ್ದೇ ಅಂಗಾಂಶದಲ್ಲಿ ಗ್ಯಾಸ್ ತುಂಬುವುದು ನಿಂತಿತು, ಮೈ ವಿಪರೀತ ಬೆವರಿತು, ಮರುದಿನದಿಂದ ಗಾಯ ಮಾಯತೊಡಗಿತು. 27 ವರ್ಷಗಳ ನಂತರ ಬಂದ ಪುಸ್ತಕದಲ್ಲಿ ಅವರು ಹೇಳಿಕೊಂಡದ್ದು ಇಷ್ಟೇ. ಕೆಲವೇ ಸಾಲು.

ಗಮನಿಸಿ: ಲ್ಯಾವೆಂಡರ್ ಬಂದದ್ದು ಸುಟ್ಟ ಕ್ಷಣದಲ್ಲಲ್ಲ, ಸೋಂಕು ಹತ್ತಿದ ಮೇಲೆ. ಅಂದರೆ ಅದು ಉರಿ ಶಮನಕ್ಕೆ ಹಚ್ಚಿದ್ದಲ್ಲ, ರೋಗಾಣು ಕೊಲ್ಲಲು ಹಾಕಿದ್ದು. ಅದೂ ಆಕಸ್ಮಿಕವಾಗಿ ಅಲ್ಲ, ತಿಳಿದೇ ಹಾಕಿದ್ದು. ತೊಟ್ಟಿಯ ಕಥೆಯಲ್ಲಿ ಅವರು ಕಕ್ಕಾಬಿಕ್ಕಿಯಾದ ಅದೃಷ್ಟವಂತ. ನಿಜದಲ್ಲಿ ಅವರು ಏನು ಮಾಡುತ್ತಿದ್ದೇನೆಂದು ಗೊತ್ತಿದ್ದ ರಸಾಯನಜ್ಞ.

ಗ್ಯಾಸ್ ಗ್ಯಾಂಗ್ರೀನ್ ಎಷ್ಟು ಭಯಾನಕ ಎಂದು ಈಗಿನವರಿಗೆ ಅಂದಾಜಾಗುವುದು ಕಷ್ಟ. ಕ್ಲಾಸ್ಟ್ರಿಡಿಯಮ್ ಎಂಬ ಬ್ಯಾಕ್ಟೀರಿಯಾ ಮಣ್ಣಿನಲ್ಲಿ, ಗೊಬ್ಬರದಲ್ಲಿ ಬೀಜರೂಪದಲ್ಲಿ ಮಲಗಿರುತ್ತದೆ. ಗಾಳಿಯಾಡದ, ರಕ್ತ ಹರಿಯದ ಸತ್ತ ಮಾಂಸ ಸಿಕ್ಕರೆ ಎಚ್ಚೆತ್ತು ವಿಷ ಉಗುಳುತ್ತದೆ. ಸ್ನಾಯು ಕೊಳೆಯುತ್ತದೆ, ಒಳಗೆ ಗ್ಯಾಸ್ ತುಂಬಿ ಚರ್ಮ ಒತ್ತಿದರೆ ಚರಚರ ಎನ್ನುತ್ತದೆ. ಕೈಕಾಲು ಕತ್ತರಿಸದಿದ್ದರೆ ಒಂದೆರಡು ದಿನಗಳಲ್ಲೇ ಸಾವು ಬರಬಹುದಿತ್ತು. ಪೆನ್ಸಿಲಿನ್ ಪತ್ತೆಯಾಗಲು ಇನ್ನೂ 18 ವರ್ಷ ಬಾಕಿ ಇತ್ತು. ಅವರ ಜೀವ ಉಳಿಸಿದ ಆ ಹುಲ್ಲುಹಾಸಿನ ಮಣ್ಣೇ ಸೋಂಕನ್ನೂ ತಂದಿರಬಹುದೇ ಎಂದು ನನಗೆ ಅನುಮಾನ. ತೆರೆದ ಗಾಯ, ಮಣ್ಣು, ಜುಲೈ ತಿಂಗಳ ಸೆಕೆ, ಲೆಕ್ಕ ಹೊಂದುತ್ತದೆ.

ಹಾಗಾದರೆ ಲ್ಯಾವೆಂಡರ್ ಗ್ಯಾಂಗ್ರೀನ್ ವಾಸಿ ಮಾಡುತ್ತದೆಯೇ? ಹಾಗೆ ಹೇಳುವಂತಿಲ್ಲ. ಗಾಯದಲ್ಲಿ ಇದ್ದದ್ದು ಯಾವ ರೋಗಾಣು ಎಂಬ ಪರೀಕ್ಷೆಯ ವಿವರವನ್ನು ಅವರು ಆ ಸಾಲುಗಳಲ್ಲಿ ಕೊಟ್ಟಿಲ್ಲ. ಒಬ್ಬ ರೋಗಿ, ಒಂದು ಘಟನೆ, ರೋಗಿಯೇ ಸಾಕ್ಷಿ, ಸಾಕ್ಷಿಯೇ ಎಣ್ಣೆಯ ವ್ಯಾಪಾರಿ. ಸ್ನಾಯುವಿನ ಆಳಕ್ಕೆ ಇಳಿದ ಸೋಂಕನ್ನು ಮೇಲಿನಿಂದ ತೊಳೆದು ನಿಲ್ಲಿಸುವುದು ಕಷ್ಟ. ಇಂದು ಅಂಥ ರೋಗಿ ಬಂದರೆ ತುರ್ತು ಶಸ್ತ್ರಚಿಕಿತ್ಸೆ, ಪೆನ್ಸಿಲಿನ್ ಜಾತಿಯ ಇಂಜೆಕ್ಷನ್, ಕೆಲವೆಡೆ ಒತ್ತಡದ ಆಮ್ಲಜನಕದ ಚಿಕಿತ್ಸೆ ಕೊಡುತ್ತಾರೆ. ಎಣ್ಣೆ ಹುಡುಕುವುದಿಲ್ಲ.

ಆದರೆ ಪೂರ್ತಿ ಕಟ್ಟುಕಥೆ ಎಂದೂ ತಳ್ಳಿಹಾಕುವಂತಿಲ್ಲ. ಲ್ಯಾವೆಂಡರ್ ಎಣ್ಣೆಯಲ್ಲಿ ಲಿನಲೂಲ್, ಲಿನಲೈಲ್ ಅಸಿಟೇಟ್ ಎಂಬ ಅಂಶಗಳಿವೆ. ಇಂಥ ಅಣುಗಳು ಕೊಬ್ಬಿನಲ್ಲಿ ಕರಗುವಂಥವು. ಬ್ಯಾಕ್ಟೀರಿಯಾದ ಹೊರಪೊರೆಯೂ ಕೊಬ್ಬಿನದೇ. ಪೊರೆಗೆ ನುಗ್ಗಿ ಸಡಿಲ ಮಾಡಿದರೆ ಒಳಗಿನದು ಸೋರಿ ರೋಗಾಣು ಸಾಯುತ್ತದೆ. ಈ ಕೆಲಸದಲ್ಲಿ ಲ್ಯಾವೆಂಡರ್ ಮಧ್ಯಮ ದರ್ಜೆಯದು. ನಮ್ಮ ಓಮದಲ್ಲಿರುವ ಥೈಮಾಲ್, ಲವಂಗದ ಯೂಜಿನಾಲ್ ಅದಕ್ಕಿಂತ ಖಾರ. 1887ರಲ್ಲೇ ಲೂಯಿ ಪಾಶ್ಚರ್ ಅವರ ಸಹೋದ್ಯೋಗಿ ಶಾರ್ಲ್ ಶಾಂಬರ್ಲ್ಯಾಂಡ್ ಆಂಥ್ರಾಕ್ಸ್ ರೋಗಾಣುವಿನ ಮೇಲೆ ಬಗೆಬಗೆಯ ಸಾರಭೂತ ತೈಲಗಳನ್ನು ಪರೀಕ್ಷಿಸಿದ್ದರು. ಗಾಟ್‌ಫೊಸೆ ಕೈಗೆ ಲ್ಯಾವೆಂಡರ್ ಹಾಕಿದ್ದು ಇಂಥ ತಿಳಿವಳಿಕೆಯ ಬೆನ್ನಲ್ಲೇ.

ಯುದ್ಧದ ಗಾಯಗಳು

ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಮೊದಲ ಮಹಾಯುದ್ಧ. ಗಾಟ್‌ಫೊಸೆ ಅವರ ಕೈಗೆ ಬಂದದ್ದು ಸಾವಿರಾರು ಸೈನಿಕರ ಕೈಕಾಲಿಗೆ ಬಂತು. ಉತ್ತರ ಫ್ರಾನ್ಸ್ ಮತ್ತು ಬೆಲ್ಜಿಯಂನ ಹೊಲಗಳು ತಲೆಮಾರುಗಳಿಂದ ಸಗಣಿ ಗೊಬ್ಬರ ತಿಂದ ನೆಲ. ಆ ಮಣ್ಣಿನಲ್ಲೇ ಕಂದಕ ತೋಡಿ ಕೂತಿದ್ದವರ ಗಾಯಕ್ಕೆ ಸಿಡಿಗುಂಡಿನ ಚೂರಿನ ಜೊತೆ ಮಣ್ಣು, ಬಟ್ಟೆಯ ತುಂಡು ಎಲ್ಲ ಹೋಗುತ್ತಿತ್ತು. ಗ್ಯಾಸ್ ಗ್ಯಾಂಗ್ರೀನ್ ಆ ಯುದ್ಧದ ದೊಡ್ಡ ಪಿಡುಗುಗಳಲ್ಲಿ ಒಂದು.

ಲಿಯೋಂ ಪಕ್ಕದ ಊರಿನಲ್ಲೇ ಹುಟ್ಟಿದ್ದ, ಆಗಲೇ ನೊಬೆಲ್ ಪಡೆದಿದ್ದ ಶಸ್ತ್ರವೈದ್ಯ ಅಲೆಕ್ಸಿಸ್ ಕ್ಯಾರೆಲ್, ಇಂಗ್ಲಿಷ್ ರಸಾಯನಜ್ಞ ಹೆನ್ರಿ ಡೇಕಿನ್ ಜೊತೆ ಸೇರಿ ಇದಕ್ಕೆ ಒಂದು ದಾರಿ ಕಂಡುಕೊಂಡರು. ಬ್ಲೀಚಿಂಗ್ ದ್ರಾವಣದ ಜಾತಿಗೆ ಸೇರಿದ ಹೈಪೊಕ್ಲೋರೈಟನ್ನು ತಿಳಿಯಾಗಿಸಿ, ರಬ್ಬರ್ ಕೊಳವೆಗಳ ಮೂಲಕ ಗಾಯದೊಳಗೆ ಮತ್ತೆಮತ್ತೆ ಹರಿಸುವುದು. ಅದು ಎಷ್ಟೋ ಕೈಕಾಲು ಉಳಿಸಿತು. ಗಾಟ್‌ಫೊಸೆ ಹಿಡಿದ ದಾರಿ ಬೇರೆ. ಸಾರಭೂತ ತೈಲಗಳು ರೋಗಾಣುವನ್ನು ಕೊಲ್ಲುವಾಗ ಆರೋಗ್ಯವಂತ ಮಾಂಸವನ್ನು ಅಷ್ಟಾಗಿ ಸುಡುವುದಿಲ್ಲ ಎನ್ನುವುದು ಅವರ ವಾದ. ಪರಿಚಯದ ವೈದ್ಯರಿಗೆ ಎಣ್ಣೆ ಕೊಟ್ಟು ಗಾಯ, ಹುಣ್ಣುಗಳ ಮೇಲೆ ಬಳಸಿ ನೋಡಲು ಒತ್ತಾಯಿಸಿದರು. ಎಣ್ಣೆ ಬೆರೆಸಿದ ಸೋಂಕುನಿವಾರಕ ಸೋಪನ್ನೂ ತಯಾರಿಸಿದರು.

ಇಲ್ಲಿ ಅವರಿಗೆ ಎದುರಾದ ತೊಡಕು ಇಂದಿನ ಜೆಲ್ ತಯಾರಕರಿಗೂ ಎದುರಾಗುವ ತೊಡಕೇ. ಎಣ್ಣೆ ನೀರಲ್ಲಿ ಕರಗುವುದಿಲ್ಲ. ಹಾಗೇ ಹಚ್ಚಿದರೆ ಚರ್ಮ ಉರಿಯಬಹುದು, ಅರ್ಧ ಆವಿಯಾಗಿ ಹೋಗಬಹುದು. ಒಂದು ಕಡೆ ಜಾಸ್ತಿ, ಇನ್ನೊಂದು ಕಡೆ ಏನೂ ಇಲ್ಲ. ಸೋಪು ಎಣ್ಣೆಯನ್ನು ನೀರಿನೊಳಗೆ ಸಣ್ಣ ಕಣಗಳಾಗಿ ಒಡೆದು ಹಿಡಿದಿಡುತ್ತದೆ. ಯಾವ ಎಣ್ಣೆ ಎಂಬುದಷ್ಟೇ ಮುಖ್ಯವಲ್ಲ, ಯಾವುದರಲ್ಲಿ ಬೆರೆಸಿ ಎಷ್ಟು ಹಚ್ಚುತ್ತೀರಿ ಎಂಬುದೂ ಅಷ್ಟೇ ಮುಖ್ಯ ಎಂದು ಅವರು ಕಲಿತದ್ದು ಇಂಥ ಕೆಲಸದಲ್ಲಿ.

ಅದೇ ಯುದ್ಧ ನಮ್ಮ ಮೈಸೂರಿನಲ್ಲೂ ಒಂದು ಭಟ್ಟಿ ಹಚ್ಚಿಸಿತು ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಅಲ್ಲಿಯವರೆಗೆ ಮೈಸೂರು ಸಂಸ್ಥಾನದ ಶ್ರೀಗಂಧದ ಮರ ಎಣ್ಣೆ ತೆಗೆಯಲು ಯುರೋಪಿಗೆ ಹೋಗುತ್ತಿತ್ತು. ಯುದ್ಧದಿಂದ ಹಡಗು ನಿಂತಿತು, ಮರ ಇಲ್ಲೇ ಉಳಿಯಿತು. ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ರಸಾಯನಜ್ಞರ ನೆರವಿನಿಂದ ಇಲ್ಲೇ ಎಣ್ಣೆ ಇಳಿಸುವ ಕೆಲಸ ಶುರುವಾಗಿ, 1916ರಲ್ಲಿ ಮೈಸೂರಿನ ಗಂಧದೆಣ್ಣೆ ಕಾರ್ಖಾನೆ ಬಂತು. ಆ ಎಣ್ಣೆಯೂ ಆಗ ಬರೀ ಸುಗಂಧವಲ್ಲ; ಗನೋರಿಯಾ ಕಾಯಿಲೆಗೆ ವೈದ್ಯರು ಬರೆದುಕೊಡುತ್ತಿದ್ದ ಔಷಧ.

ಪುಸ್ತಕ ಬಂದದ್ದು ತಡವಾಗಿ

ಯುದ್ಧ ಮುಗಿದ ಮೇಲೆ ಗಾಟ್‌ಫೊಸೆ ಸುಮ್ಮನಿರಲಿಲ್ಲ. ಸೌಂದರ್ಯವರ್ಧಕಗಳ ಮೇಲೆ ಬರೆದರು. ಚರ್ಮಕ್ಕೆ ಹಚ್ಚಿದ್ದು ಒಳಗೆ ಹೋಗುತ್ತದೆಯೇ, ಹೋದರೆ ಹೇಗೆ ಎಂದು ಕೆದಕಿದರು. ನಡುವೆ, 1923ರಲ್ಲಿ, ಮುಳುಗಿಹೋಯಿತೆಂದು ಹೇಳುವ ಅಟ್ಲಾಂಟಿಸ್ ದ್ವೀಪದ ಕುರಿತೂ ಒಂದು ಪುಸ್ತಕ ಬರೆದರು! ಅಳತೆ-ತೂಕದ ಮನುಷ್ಯನಿಗೆ ಇದು ಹೇಗೆ ಹೊಂದಿತು ಎಂದು ಕೇಳಬೇಡಿ. ಅವರ ಸ್ವಭಾವದಲ್ಲಿ ಎರಡೂ ಇದ್ದವು. ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದು ಕೈಯಲ್ಲಿ ಗಾಳಿಪಟ.

1937ರಲ್ಲಿ ಅರೋಮಾಥೆರಪಿ ಎಂಬ ಹೆಸರಿನಲ್ಲೇ ಅವರ ಪುಸ್ತಕ ಬಂತು. ಈಗ ಜಗತ್ತಿನ ಬಾಯಲ್ಲಿರುವ ಪದ ಅವರು ಕಟ್ಟಿದ್ದು. ಪರಿಮಳಕ್ಕೆ ಒಂದು ಗ್ರೀಕ್ ಪದ, ಚಿಕಿತ್ಸೆಗೆ ಇನ್ನೊಂದು. ಆದರೆ ಪುಸ್ತಕದಲ್ಲಿ ಸ್ಪಾ ಇಲ್ಲ, ಮೆದುಳಿಗೆ ಶಾಂತಿ ಕೊಡುವ ಮಸಾಜ್ ಮುಖ್ಯವಲ್ಲ. ಕೀವು ಸುರಿಯುವ ಗಾಯ, ಮಾಯದ ಹುಣ್ಣು, ಚರ್ಮದ ಕಾಯಿಲೆ, ವೈದ್ಯರು ಕೊಟ್ಟ ರೋಗಿಗಳ ವಿವರ ಇವೆ. ಎಣ್ಣೆಯನ್ನು ಪೂಜಿಸುವ ಧಾಟಿಯೂ ಅಲ್ಲ. ಅದನ್ನು ಬಿಡಿಸಿ ಯಾವ ಅಂಶ ಏನು ಮಾಡುತ್ತದೆ ಎಂದು ನೋಡುವ ಧಾಟಿ. ಚರ್ಮಕ್ಕೆ ಕಿರಿಕಿರಿ ಮಾಡುವ ಟರ್ಪೀನ್ ಅಂಶಗಳನ್ನು ತೆಗೆದ ಎಣ್ಣೆಯನ್ನು ಅವರು ಮೆಚ್ಚುತ್ತಿದ್ದರು. ನೈಸರ್ಗಿಕ ಎಂದರೆ ಮುಟ್ಟಬಾರದು ಎಂಬ ಈಗಿನ ಮಾರುಕಟ್ಟೆಯ ಮಾತು ಅವರಿಗೆ ಅರ್ಥವೇ ಆಗುತ್ತಿರಲಿಲ್ಲ.

ಪುಸ್ತಕದ ದೋಷಗಳನ್ನೂ ಹೇಳಬೇಕು. ಎಣ್ಣೆ ಹಚ್ಚಿದವರನ್ನು ಹಚ್ಚದವರ ಜೊತೆ ಹೋಲಿಸಿಲ್ಲ. ವಾಸಿಯಾದವರ ಕಥೆ ಹೆಚ್ಚು, ಆಗದವರ ಕಥೆ ಕಡಿಮೆ. ಸಾರಭೂತ ತೈಲಗಳನ್ನು ಗಿಡಗಳ ಹಾರ್ಮೋನು ಎಂದು ಕರೆದದ್ದು ಮುಂದಿನ ವಿಜ್ಞಾನದ ಎದುರು ನಿಲ್ಲಲಿಲ್ಲ. ಆ ಕಾಲದ ಎಷ್ಟೋ ವೈದ್ಯಕೀಯ ಪುಸ್ತಕಗಳೂ ಹೀಗೇ ಇದ್ದವು ಎನ್ನುವುದು ಸಮಾಧಾನ, ಆದರೆ ಪುರಾವೆ ಅಲ್ಲ.

ಅದಕ್ಕಿಂತ ದೊಡ್ಡ ಏಟು ಕಾಲದ್ದು. ಎರಡು ವರ್ಷ ಮೊದಲೇ, 1935ರಲ್ಲಿ, ಜರ್ಮನಿಯ ಗೆರ್ಹಾರ್ಡ್ ಡೊಮಾಕ್ ಪ್ರಾಂಟೋಸಿಲ್ ಎಂಬ ಸಲ್ಫಾ ಔಷಧದ ಫಲಿತಾಂಶ ಪ್ರಕಟಿಸಿಯಾಗಿತ್ತು. ಎರಡನೇ ಮಹಾಯುದ್ಧದಲ್ಲಿ ಪೆನ್ಸಿಲಿನ್ ಬಂತು. ಒಂದು ಇಂಜೆಕ್ಷನ್ನಿಗೆ ಮಣಿಯುವ ಸೋಂಕಿಗೆ ಹೂವಿನೆಣ್ಣೆ ಯಾರಿಗೆ ಬೇಕು? ಆಸ್ಪತ್ರೆಯ ಬಾಗಿಲು ತಟ್ಟಲು ಹೊರಟವರು ತಲುಪುವಷ್ಟರಲ್ಲಿ ಒಳಗೆ ಬೇರೆಯವರು ಕೂತಿದ್ದರು. ಗಾಟ್‌ಫೊಸೆ 1950ರಲ್ಲಿ ಮೊರಾಕ್ಕೊದ ಕ್ಯಾಸಬ್ಲಾಂಕಾದಲ್ಲಿ ತೀರಿಕೊಂಡರು. ಅವರ ತಮ್ಮ, ಸಸ್ಯಶಾಸ್ತ್ರಜ್ಞ ಜೀನ್, ಕೆಲಸ ಮಾಡಿದ ನಾಡದು.

ಮುಂದೆ ಜೀನ್ ವಾಲ್ನೆ ಎಂಬ ಫ್ರೆಂಚ್ ಸೇನಾ ವೈದ್ಯರು ಇಂಡೋಚೀನಾ ಯುದ್ಧದ ಗಾಯಾಳುಗಳಿಗೆ ಸಾರಭೂತ ತೈಲ ಬಳಸಿ, 1964ರಲ್ಲಿ ಅದೇ ಹೆಸರಿನ ಪುಸ್ತಕ ಬರೆದರು. ಮಾರ್ಗರೀಟ್ ಮೋರಿ ಎಂಬಾಕೆ ಎಣ್ಣೆಯನ್ನು ಮಸಾಜಿಗೂ ಸೌಂದರ್ಯಕ್ಕೂ ತಂದರು. ಇಂಗ್ಲಿಷ್ ಜಗತ್ತಿಗೆ ದಾಟಿದ್ದು ಹೆಚ್ಚಾಗಿ ಮೋರಿಯವರ ದಾರಿ. ಗಾಟ್‌ಫೊಸೆ ಪುಸ್ತಕ ಇಂಗ್ಲಿಷಿನಲ್ಲಿ ಬಂದದ್ದು 1993ರಲ್ಲಿ, 56 ವರ್ಷ ತಡವಾಗಿ. ಅಷ್ಟರಲ್ಲಿ ತೊಟ್ಟಿಯ ಕಥೆ ಊರೆಲ್ಲ ಸುತ್ತಿ ಬಂದಿತ್ತು.

ಈಗ ಜೆಲ್ಲಿನ ಮಾತು

ಕಥೆ ತಪ್ಪಾದರೆ ನಷ್ಟವೇನು ಎಂದು ಕೇಳಬಹುದು. ನಷ್ಟ ಚರ್ಮಕ್ಕೆ. ತೊಟ್ಟಿಯ ಕಥೆ ನಂಬಿದವರು ಸುಟ್ಟ ಗಾಯಕ್ಕೆ ನೇರವಾಗಿ ಎಣ್ಣೆ ಸುರಿಯುತ್ತಾರೆ. ಸುಟ್ಟ ಗಾಯಕ್ಕೆ ಮೊದಲು ಬೇಕಾದದ್ದು ಸುಮಾರು 20 ನಿಮಿಷ ಹರಿಯುವ ತಣ್ಣೀರು; ಟೂತ್‌ಪೇಸ್ಟೂ ಅಲ್ಲ, ಲ್ಯಾವೆಂಡರೂ ಅಲ್ಲ. ಬಾಟಲಿ ತೆರೆದಿಟ್ಟು ಗಾಳಿ ತಾಗಿದ ಲ್ಯಾವೆಂಡರ್ ಎಣ್ಣೆಯಲ್ಲಿ ಲಿನಲೂಲ್ ಆಕ್ಸಿಡೀಕರಣಗೊಂಡು ಅಲರ್ಜಿ ತರುವ ವಸ್ತುವಾಗುತ್ತದೆ. ಸಕ್ಕರೆ ಕಾಯಿಲೆಯವರ ಕಾಲಿನ ಗಾಯಕ್ಕೆ ಮನೆಯಲ್ಲೇ ಎಣ್ಣೆ ಹಚ್ಚುತ್ತ ಒಂದು ವಾರ ಕಳೆದರೆ, ಆ ವಾರವೇ ಕಾಲನ್ನು ಕಳೆಯಬಹುದು.

ಅಳತೆಗೆ ಒಳಪಟ್ಟ ಎಣ್ಣೆಯ ಕಥೆ ಬೇರೆ. ಆಸ್ಟ್ರೇಲಿಯಾದ ಬಂಜಲಂಗ್ ಮೂಲನಿವಾಸಿಗಳು ಗಾಯಕ್ಕೆ ಬಳಸುತ್ತಿದ್ದ ಟೀ ಟ್ರೀ ಎಲೆಯ ಎಣ್ಣೆಯನ್ನು ಸಿಡ್ನಿಯ ರಸಾಯನಜ್ಞ ಆರ್ಥರ್ ಪೆನ್‌ಫೋಲ್ಡ್ 1920ರ ದಶಕದಲ್ಲಿ ಪರೀಕ್ಷಿಸಿ, ಆಗಿನ ಸೋಂಕುನಿವಾರಕ ಕಾರ್ಬಾಲಿಕ್ ಆಸಿಡ್‌ಗಿಂತ ಅದು ಹಲವು ಪಟ್ಟು ಪ್ರಬಲ ಎಂದರು. 1990ರಲ್ಲಿ ಅಲ್ಲಿನ ವೈದ್ಯರು ಮೊಡವೆಯ 124 ರೋಗಿಗಳ ಮೇಲೆ 5% ಟೀ ಟ್ರೀ ಎಣ್ಣೆಯ ನೀರಿನ ಜೆಲ್ಲನ್ನು 5% ಬೆಂಜಾಯಿಲ್ ಪೆರಾಕ್ಸೈಡ್ ಜೊತೆ ಹೋಲಿಸಿದರು. ಎರಡೂ ಕೆಲಸ ಮಾಡಿದವು. ಜೆಲ್ ನಿಧಾನ, ಆದರೆ ಉರಿ-ಕೆರೆತದ ತೊಂದರೆ ಕಡಿಮೆ. ಪಾದದ ಫಂಗಸ್ ಮೇಲೆ ಮಾಡಿದ ಇನ್ನೊಂದು ಪರೀಕ್ಷೆಯಲ್ಲಿ 10% ಕ್ರೀಮಿನಿಂದ ತುರಿಕೆ, ಸಿಪ್ಪೆ ಏಳುವುದು ತಗ್ಗಿತು; ಫಂಗಸ್ ಮಾತ್ರ ಸರಿಯಾಗಿ ಹೋಗಲಿಲ್ಲ. ತುರಿಕೆ ನಿಂತಿತೆಂದರೆ ರೋಗ ಹೋಯಿತೆಂದಲ್ಲ.

ಮುಂಬೈ, ಚೆನ್ನೈಯ ಸೆಕೆಯಲ್ಲಿ ಬೆವತು ಲೋಕಲ್ ರೈಲು, ಬಸ್ಸು ಹಿಡಿಯುವವರಿಗೆ ಈ ವ್ಯತ್ಯಾಸ ಬೇಗ ಅರ್ಥವಾಗಬೇಕು. ಹುಳುಕಡ್ಡಿ ಅಥವಾ ಗಜಕರ್ಣ ಎನ್ನುವ ಫಂಗಸ್ ಸೋಂಕು ಈಗ ನಮ್ಮ ದೇಶದಲ್ಲಿ ಮೊದಲಿನಂತೆ ಮಣಿಯುತ್ತಿಲ್ಲ. ಮೆಡಿಕಲ್ ಶಾಪಿನಲ್ಲಿ ಕೇಳಿ ತಂದ ಸ್ಟೀರಾಯ್ಡ್ ಬೆರೆತ ಮುಲಾಮು ತುರಿಕೆ ಅಡಗಿಸಿ ಫಂಗಸ್ಸನ್ನು ಒಳಗೊಳಗೇ ಬೆಳೆಸಿತು. ಟೆರ್ಬಿನಾಫಿನ್ ಎಂಬ ಮುಖ್ಯ ಔಷಧಕ್ಕೂ ಬಗ್ಗದ ತಳಿಗೆ ಟ್ರೈಕೊಫೈಟಾನ್ ಇಂಡೋಟಿನಿಯೇ ಎಂಬ ಹೆಸರು ಬಿದ್ದಿದೆ; ಹೆಸರಿನಲ್ಲೇ ಇಂಡಿಯಾ ಇದೆ. ಔಷಧಕ್ಕೆ ಬಗ್ಗದ ರೋಗಾಣುಗಳ ಈ ಕಾಲದಲ್ಲಿ ಓಮದ ಥೈಮಾಲ್, ಮಜ್ಜಿಗೆ ಹುಲ್ಲಿನ ಸಿಟ್ರಾಲ್, ಲವಂಗದ ಯೂಜಿನಾಲ್ ಮತ್ತೆ ಪ್ರಯೋಗಾಲಯದ ಮೇಜಿಗೆ ಬಂದಿವೆ. ಗಾಜಿನ ತಟ್ಟೆಯಲ್ಲಿ ರೋಗಾಣು ಸಾಯುವುದು ಮೊದಲ ಮೆಟ್ಟಿಲು ಮಾತ್ರ. ಅದನ್ನು ಮನುಷ್ಯರ ಚರ್ಮದ ಮೇಲೆ, ಸರಿಯಾದ ಅಳತೆಯಲ್ಲಿ, ಸುಡದಂತೆ, ಆವಿಯಾಗದಂತೆ ನಿಲ್ಲಿಸಬೇಕು.

ಜೆಲ್ ಬೇಕಾಗುವುದು ಇಲ್ಲಿಯೇ. ಕಾರ್ಬೊಮರ್‌ನಂಥ ಪುಡಿಯನ್ನು ನೀರಿನಲ್ಲಿ ಉಬ್ಬಿಸಿ ಮಾಡಿದ ಬಲೆಯೊಳಗೆ, ಎಮಲ್ಸಿಫೈಯರ್ ಹಾಕಿ ಒಡೆದ ಎಣ್ಣೆಯ ಕಣಗಳನ್ನು ಹಿಡಿದಿಡುತ್ತಾರೆ. ಬಲೆ ಎಣ್ಣೆಯನ್ನು ನಿಧಾನಕ್ಕೆ ಬಿಡುತ್ತದೆ. ಮುಲಾಮಿನ ಹಾಗೆ ಅಂಟುವುದಿಲ್ಲ, ಬೆವರುವ ಚರ್ಮಕ್ಕೂ ಹಿತ. ಆದರೆ ಎಣ್ಣೆಯ ಪ್ರಮಾಣ ಹೆಚ್ಚಾದರೆ ಅದೇ ಜೆಲ್ ಚರ್ಮ ಕೆಂಪಾಗಿಸುತ್ತದೆ, ಕಡಿಮೆಯಾದರೆ ಬರೀ ಪರಿಮಳ. ಲೇಬಲ್ಲಿನ ಮೇಲೆ ಶೇಕಡಾವಾರು ಬರೆಯದ ಗಿಡಮೂಲಿಕೆ ಜೆಲ್ ಕೊಳ್ಳುವವರು ಇದನ್ನು ನೆನಪಿಡುವುದು ಒಳ್ಳೆಯದು.

ಗಾಟ್‌ಫೊಸೆ ಹೆಸರಿನ ಕಂಪನಿ ಈಗಲೂ ಲಿಯೋಂ ಪಕ್ಕದ ಸ್ಯಾಂ-ಪ್ರಿಯೆಸ್ಟ್‌ನಲ್ಲಿದೆ, ಮುಂಬೈಯಲ್ಲೂ ಅದರ ಶಾಖೆಯಿದೆ. ಅವರ ನಂತರ ಮಗ, ಆಮೇಲಿನ ಪೀಳಿಗೆ ಅದನ್ನು ನಡೆಸಿಕೊಂಡು ಬಂದರು. ಕಂಪನಿ ಇಂದು ಮುಖ್ಯವಾಗಿ ಮಾರುವುದು ಎಣ್ಣೆಯನ್ನಲ್ಲ. ಔಷಧವನ್ನು ಕರಗಿಸುವ, ಬೆರೆಸುವ, ಚರ್ಮದೊಳಗೆ ಒಯ್ಯುವ ಪದಾರ್ಥಗಳನ್ನು. ಅವುಗಳಲ್ಲಿ ಒಂದು ಟ್ರಾನ್ಸ್‌ಕ್ಯುಟಾಲ್ ಎಂಬ ದ್ರಾವಕ. ಕುಷ್ಠರೋಗಕ್ಕೆ ನಮ್ಮ ದೇಶದಲ್ಲಿ ದಶಕಗಳಿಂದ ನುಂಗಿಸುತ್ತಿರುವ ಡ್ಯಾಪ್ಸೋನ್ ಮಾತ್ರೆ ಗೊತ್ತಲ್ಲ, ನೀರಿನಲ್ಲಿ ಸುಲಭವಾಗಿ ಕರಗದ ಆ ಔಷಧವನ್ನು ಮೊಡವೆಗೆ ಹಚ್ಚುವ 5% ಜೆಲ್ ಆಗಿಸಲು ಬೇಕಾದದ್ದು ಇದೇ ಜಾತಿಯ ದ್ರಾವಕ. ಆ ಜೆಲ್ಲಿಗೆ ಲ್ಯಾವೆಂಡರ್ ವಾಸನೆ ಇಲ್ಲ.